ಕಟ್ಟುವುದು ಮತ್ತು ಕಾಯುವುದು

ಲೋಕದಲ್ಲಿ ಕಟ್ಟಿದವರ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಕಾಯ್ದವರ ಹೆಸರು ಗಾಳಿಯಲ್ಲಿ ಹೋಗುತ್ತದೆ. ಯಾವುದೇ ಮಠದ ದಾಸೋಹ ಭವನವನ್ನು ನೋಡಿರಿ. ಬಾಗಿಲ ಪಕ್ಕದಲ್ಲಿ ಒಂದು ಶಿಲಾಫಲಕವಿರುತ್ತದೆ. ಭೂಮಿ ಕೊಟ್ಟವರು, ಗೋಡೆ ಎತ್ತಿಸಿದವರು, ನೆಲಕ್ಕೆ ಕಲ್ಲು ಹಾಸಿಸಿದವರು, ಉದ್ಘಾಟನೆಗೆ ದಯಮಾಡಿಸಿದ ಮಂತ್ರಿಮಹೋದಯರು, ಎಲ್ಲರ ಹೆಸರೂ ಅಲ್ಲಿರುತ್ತದೆ. ಇರಬೇಕಾದುದೇ, ಉಪಕಾರವನ್ನು ನೆನೆಯುವುದು ಧರ್ಮ. ಆದರೆ ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸುವವನು, ಕೊಪ್ಪರಿಗೆ ಉಜ್ಜುವವಳು, ತಿಂಗಳಿಗೊಮ್ಮೆ ನೀರಿನ ತೊಟ್ಟಿಗೆ ಇಳಿದು ಪಾಚಿ ಕೆರೆಯುವವನು, ಇವರ ಹೆಸರನ್ನು ಕೆತ್ತಿದ ಫಲಕವನ್ನು ನಾವಂತೂ ಎಲ್ಲಿಯೂ ಕಂಡಿಲ್ಲ. ಭವನವನ್ನು ಕಟ್ಟಲು ಹಿಡಿದುದು ಒಂದು ವರ್ಷ. ಅದು ದಾಸೋಹ ಭವನವಾಗಿ ಉಳಿದುದು ಐವತ್ತು ವರ್ಷ. ಈ ಐವತ್ತು ವರ್ಷಗಳ ಲೆಕ್ಕವನ್ನು ಬರೆದಿಟ್ಟವರಿಲ್ಲ.

ಒಂದು ವಸ್ತುವನ್ನು ಮಾಡಿ ಲೋಕಕ್ಕೆ ಕೊಟ್ಟ ಮೇಲೆ ಮಾಡಿದವನ ಹೊಣೆ ಅಲ್ಲಿಗೆ ಮುಗಿಯಿತೇ? ಮುಗಿಯದಿದ್ದರೆ ಅದು ಎಲ್ಲಿಯವರೆಗೆ ನಡೆಯಬೇಕು? ಅವನು ದಣಿದು ಕೈಬಿಟ್ಟರೆ ಆ ಹೊಣೆ ಯಾರ ಹೆಗಲಿಗೆ ಬರುತ್ತದೆ? ಇದೇ ಪ್ರಕೃತ ವಿಚಾರ. ಕೆರೆ, ಬಾವಿ, ಅರವಟ್ಟಿಗೆಗಳ ವಿಷಯದಲ್ಲಿ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳಿಕೊಂಡು ಬಂದಿದ್ದಾರೆ. ಈಚೆಗೆ ಅದು ನಮ್ಮ ಮುಂದೆ ಬಂದುದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ರೂಪದಲ್ಲಿ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಮಕ್ಕಳ ಅಭ್ಯಾಸಕ್ಕೆಂದು ಅಂತರ್ಜಾಲದ ಸಂಪರ್ಕವಿದೆ. ಅದನ್ನು ಕೋಣೆಕೋಣೆಗೆ ಹಂಚುವ ರೌಟರ್ ಎಂಬ ಪೆಟ್ಟಿಗೆಗಳು ಹನ್ನೊಂದು. ತಯಾರಿಸಿದ ಕಂಪನಿಯು ಈ ಮಾದರಿಗೆ ಇನ್ನು ತಾನು ಯಾವ ತಿದ್ದುಪಡಿಯನ್ನೂ ಒದಗಿಸುವುದಿಲ್ಲವೆಂದು ತಿಳಿಸಿತು. ಪೆಟ್ಟಿಗೆಗಳು ಕೆಟ್ಟಿರಲಿಲ್ಲ, ದೀಪಗಳು ಎಂದಿನಂತೆ ಮಿನುಗುತ್ತಿದ್ದವು. ಆದರೂ ಅವನ್ನು ಎಸೆದು ಹೊಸವನ್ನು ಕೊಳ್ಳುವುದು ಕ್ಷೇಮವೆಂದು ಅಂಗಡಿಯವರು ಹೇಳಿದರು. ಆ ಸಮಯಕ್ಕೆ ನಮ್ಮ ನಿಲಯದಲ್ಲಿಯೇ ಓದಿ ಈಗ ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನು ಬಂದನು. ಎರಡು ದಿನ ನಿಂತು, ಒಂದೊಂದೇ ಪೆಟ್ಟಿಗೆಯ ಒಳಗಿನ ತಂತ್ರಾಂಶವನ್ನು ತೆಗೆದು ಬೇರೊಂದನ್ನು ತುಂಬಿದನು. ಹನ್ನೊಂದೂ ನಡೆದವು.

“ಇದಕ್ಕೆ ಎಷ್ಟು ಕೊಡಬೇಕಪ್ಪಾ?” ಎಂದು ಕೇಳಿದೆವು.

“ಏನೂ ಇಲ್ಲ, ಬುದ್ಧಿ. ಇದನ್ನು ಯಾರೂ ಮಾರುವುದಿಲ್ಲ.”

“ಹಾಗಾದರೆ ಮಾಡಿದವರಿಗೆ ಸಂಬಳ ಕೊಡುವವರು ಯಾರು?”

“ಕೆಲವರಿಗೆ ಅವರವರ ಕಂಪನಿ ಕೊಡುತ್ತದೆ. ಬಹಳ ಮಂದಿಗೆ ಯಾರೂ ಕೊಡುವುದಿಲ್ಲ, ಬುದ್ಧಿ. ಮಾಡುವವರು ಸಿಕ್ಕಾರು, ನೋಡಿಕೊಳ್ಳುವವರೇ ಕಡಿಮೆ.”

ಆ ಕೊನೆಯ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಅವನಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡುದನ್ನು ವಾಚಕರ ಮುಂದಿಟ್ಟು ವಿಚಾರ ಮಾಡಬೇಕೆಂದು ಈ ಲೇಖನ.

ಮೊದಲು ವಸ್ತುವಿನ ಪರಿಚಯವಾಗಲಿ. ಗಣಕಯಂತ್ರವೆಂದರೆ ಪರದೆ ಮತ್ತು ಕೀಲಿಮಣೆಗಳುಳ್ಳದ್ದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆದರೆ ಇಂದು ಹಳ್ಳಿಯ ಹಾಲಿನ ಸಂಘದಲ್ಲಿ ಕೊಬ್ಬಿನಂಶ ಅಳೆಯುವ ಯಂತ್ರ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಪಡೆಯುವ ಯಂತ್ರ, ತೋಟದ ಪಂಪನ್ನು ದೂರದಿಂದ ನಡೆಸುವ ಸ್ಟಾರ್ಟರ್, ರಸ್ತೆಯ ಕಂಬದ ಕ್ಯಾಮರಾ, ಇವೆಲ್ಲವುಗಳ ಒಡಲಲ್ಲಿ ಒಂದೊಂದು ಚಿಕ್ಕ ಗಣಕಯಂತ್ರವಿದೆ. ಇವುಗಳಿಗೆ ಹೀಗೆ ನಡೆ, ಹೀಗೆ ಅಳೆ, ಇವನನ್ನು ಒಳಗೆ ಬಿಡು, ಅವನನ್ನು ತಡೆ ಎಂದು ಆಜ್ಞಾಪಿಸುವ ಬರಹವು ಒಂದು ಚಿಪ್ಪಿನಲ್ಲಿ ಅಚ್ಚೊತ್ತಿರುತ್ತದೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಮನುಷ್ಯನು ಓದಿ ತಿದ್ದಬಹುದಾದ ಅದರ ಮೂಲರೂಪಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಮೂಲವು ಕೈಯಲ್ಲಿದ್ದರೆ ಯಂತ್ರವನ್ನು ತಿದ್ದಬಹುದು. ಇಲ್ಲದಿದ್ದರೆ ಅದು ಹೇಗಿದೆಯೋ ಹಾಗೆಯೇ ಇಟ್ಟುಕೊಳ್ಳಬೇಕು. ಮೂಲವನ್ನು ಲೋಕದ ಮುಂದೆ ತೆರೆದಿಟ್ಟು, ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ಬಿಡುವ ಪದ್ಧತಿಗೆ ಮುಕ್ತ ತಂತ್ರಾಂಶವೆಂದು ಹೆಸರು.

ಈ ಪದ್ಧತಿಯ ಹಿನ್ನೆಲೆಯಲ್ಲಿರುವುದೂ ಇಂಥದೇ ಒಂದು ಪೆಟ್ಟಿಗೆಯ ಕಥೆ. ಸುಮಾರು 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಶಾಲೆಯೊಂದಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಮುದ್ರಣಯಂತ್ರ ಬಂದಿತು. ಹಿಂದೆ ಇದ್ದ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸೂಚನೆ ಹೋಗುವಂತೆ ಅಲ್ಲಿನ ರಿಚರ್ಡ್ ಸ್ಟಾಲ್ಮನ್ ಎಂಬುವರು ತಂತ್ರಾಂಶವನ್ನು ತಿದ್ದಿದ್ದರು. ಹೊಸ ಯಂತ್ರದ ಮೂಲವು ದೊರೆಯಲಿಲ್ಲ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಅದನ್ನು ಹೊಂದಿದ್ದವರನ್ನು ಕೇಳಿದಾಗ, ಕೊಡುವುದಿಲ್ಲವೆಂದು ಕರಾರು ಮಾಡಿಕೊಟ್ಟಿರುವುದಾಗಿ ಉತ್ತರ ಬಂದಿತು. ಸಿಕ್ಕಿಕೊಂಡ ಕಾಗದವು ಸಣ್ಣ ಸಂಗತಿ. ಪಕ್ಕದ ಮನೆಯವನಿಗೆ ನೆರವಾಗುವುದಿಲ್ಲವೆಂದು ಮುಂಗಡವಾಗಿ ಸಹಿ ಹಾಕಿಕೊಡುವುದು ಸಣ್ಣ ಸಂಗತಿಯಲ್ಲವೆಂದು ಸ್ಟಾಲ್ಮನ್ನರಿಗೆ ತೋರಿತು. 1983ರಲ್ಲಿ ಅವರು ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಜಿಪಿಎಲ್ ಎಂಬ ಅನುಮತಿಪತ್ರವನ್ನು ಹೊರತಂದರು.

ಈ ಅನುಮತಿಪತ್ರದ ತಿರುಳನ್ನು ವಾಚಕರು ಗಮನಿಸಬೇಕು. ಇದನ್ನು ಬಳಸು, ತಿದ್ದು, ಬೇಕಾದರೆ ಹಣಕ್ಕೆ ಮಾರು. ಆದರೆ ಮತ್ತೊಬ್ಬನಿಗೆ ಕೊಡುವಾಗ ನಿನಗೆ ದೊರೆತ ಸ್ವಾತಂತ್ರ್ಯವನ್ನೂ ಮೂಲವನ್ನೂ ಅವನಿಗೂ ಕೊಡು. ಇಷ್ಟೇ ಅದರ ನಿಯಮ. ಪ್ರಸಾದತತ್ತ್ವವನ್ನು ಬಲ್ಲವರಿಗೆ ಇದು ಹೊಸದೆನಿಸದು. ಪ್ರಸಾದವು ಪಡೆದವನ ಸ್ವತ್ತಲ್ಲ. ಅದನ್ನು ಮುಚ್ಚಿಟ್ಟುಕೊಂಡವನ ಕೈಯಲ್ಲಿ ಅದು ಪ್ರಸಾದವಾಗಿ ಉಳಿಯುವುದಿಲ್ಲ. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರವೂ ಇಲ್ಲಿಯೇ ಇದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನು ತಾನೇ ದಾಸ. ಪಡೆದವನು ನಾಳೆ ಕೊಡುವವರ ಸಾಲಿನಲ್ಲಿ ನಿಲ್ಲಬೇಕಾದವನು.

ಇನ್ನು ರೌಟರಿನ ಕಥೆ. ಲಿಂಕ್‌ಸಿಸ್ ಎಂಬ ಅಮೆರಿಕದ ಕಂಪನಿಯು 2002ರ ಕೊನೆಯಲ್ಲಿ ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ-ಕಪ್ಪು ಬಣ್ಣದ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. 2003ರಲ್ಲಿ ಸಿಸ್ಕೊ ಎಂಬ ದೊಡ್ಡ ಕಂಪನಿಯು ಲಿಂಕ್‌ಸಿಸ್ಸನ್ನು ಕೊಂಡಿತು. ಅದೇ ವರ್ಷ ಕುತೂಹಲಿಗಳು ಆ ಪೆಟ್ಟಿಗೆಯ ಫರ್ಮ್‌ವೇರನ್ನು ಪರೀಕ್ಷಿಸಿ ನೋಡಿದರೆ, ಅದರಲ್ಲಿದ್ದುದು ಲಿನಕ್ಸ್ ಮೊದಲಾದ, ಜಿಪಿಎಲ್ ನಿಯಮದಂತೆ ಹಂಚಲ್ಪಟ್ಟ ತಂತ್ರಾಂಶ. ನೂರಾರು ಮಂದಿಯ ಶ್ರಮವನ್ನು ಕಂಪನಿಯು ಉಚಿತವಾಗಿ ಪಡೆದಿತ್ತು. ಮುಂದಕ್ಕೆ ಕೊಡಬೇಕೆಂಬ ನಿಯಮವನ್ನು ಮಾತ್ರ ಮರೆತಿತ್ತು. ಜನ ಕೇಳಿದರು, ಕಂಪನಿಯು ಮೂಲವನ್ನು ಪ್ರಕಟಿಸಿತು. ಆ ಬರಹವನ್ನು ತಳಹದಿಯಾಗಿಟ್ಟುಕೊಂಡು 2004ರಲ್ಲಿ ಓಪನ್-ಡಬ್ಲ್ಯೂಆರ್‌ಟಿ ಎಂಬ ಯೋಜನೆ ಹುಟ್ಟಿತು. ನಮ್ಮ ಹನ್ನೊಂದು ಪೆಟ್ಟಿಗೆಗಳಲ್ಲಿ ಇಂದು ನಡೆಯುತ್ತಿರುವುದು ಅದೇ.

ಇಲ್ಲಿಯವರೆಗಿನದು ಕಟ್ಟಿದ ಕಥೆ. ಇದನ್ನು ಹೇಳುವವರು ಬಹಳ. ಕಾಯುವ ಕಥೆ ಬೇರೆ. ಲಿನಕ್ಸಿನ ತಿರುಳು ನಿಂತ ನೀರಲ್ಲ. ಅದು ವರ್ಷದಲ್ಲಿ ಹಲವು ಬಾರಿ ಹೊಸ ರೂಪ ತಾಳುತ್ತದೆ. ಓಪನ್-ಡಬ್ಲ್ಯೂಆರ್‌ಟಿಯ 23.05 ಎಂಬ ಆವೃತ್ತಿಯು ಲಿನಕ್ಸಿನ 5.15ನ್ನು ಆಧರಿಸಿತ್ತು, 2025ರಲ್ಲಿ ಬಂದ 24.10 ಎಂಬುದು 6.6ನ್ನು ಆಧರಿಸಿತು. ಈ ಒಂದು ಹೆಜ್ಜೆ ಇಡಬೇಕಾದರೆ, ಹಿಂದಿನ ತಿರುಳಿಗೆ ಹಾಕಿದ್ದ ತೇಪೆಗಳನ್ನೆಲ್ಲ ಬಿಚ್ಚಿ, ಹೊಸತಕ್ಕೆ ಯಾವುದು ಬೇಕು ಯಾವುದು ಬೇಡವೆಂದು ಪರಿಶೀಲಿಸಿ, ಮತ್ತೆ ಹೊಲಿಯಬೇಕು. ಬೆಂಬಲಿಸುವ ಮಾದರಿಗಳು ಸಾವಿರಕ್ಕೂ ಮಿಕ್ಕಿವೆ. ಒಂದೊಂದರಲ್ಲಿಯೂ ಸ್ಮೃತಿಕೋಶದ ವಿಂಗಡಣೆ ಬೇರೆ, ದೀಪಗಳ ಜೋಡಣೆ ಬೇರೆ, ರೇಡಿಯೊ ಚಿಪ್ಪು ಬೇರೆ. ಒಂದರಲ್ಲಿ ಸರಿಯಾದುದು ಇನ್ನೊಂದರಲ್ಲಿ ತಪ್ಪಾಗಬಹುದು. ತಪ್ಪಾದ ಬರಹ ತುಂಬಿದರೆ ಪೆಟ್ಟಿಗೆಯು ಏಳುವುದೇ ಇಲ್ಲ. ಅದು ‘ಇಟ್ಟಿಗೆ’ಯಾಯಿತೆಂದು ಆ ವಲಯದವರ ಪರಿಭಾಷೆ. ಆಗ ಮುಚ್ಚಳ ಬಿಚ್ಚಿ, ಹಲಗೆಯ ಮೇಲಿನ ಸೂಜಿಮೊನೆಯಷ್ಟು ಬಿಂದುಗಳಿಗೆ ತಂತಿ ಹಿಡಿದು, ಅದರ ಕ್ಷೀಣವಾದ ಮಾತನ್ನು ಆಲಿಸಿ ಎಬ್ಬಿಸಬೇಕು. ಇದರ ಮಧ್ಯೆ ಹೊಸ ಹೊಸ ದೋಷಗಳ ವರ್ತಮಾನ ಬರುತ್ತಿರುತ್ತದೆ. ಕಳ್ಳನು ಕಂಡುಕೊಳ್ಳುವ ಮುನ್ನ ಮುಚ್ಚಬೇಕು. ಮುಚ್ಚಿದರೆ ಯಾರಿಗೂ ಏನೂ ಕಾಣಿಸದು. ನಿನ್ನೆ ನಡೆದಂತೆ ಇಂದೂ ನಡೆಯಿತು ಎಂಬುದೇ ಈ ದುಡಿಮೆಯ ಫಲ. ಕಾಣುವಂಥ ಫಲವಿಲ್ಲದ ದುಡಿಮೆಗೆ ಹೊಗಳಿಕೆಯೂ ಇಲ್ಲ.

ಈ ಗುಂಪಿನಲ್ಲಿಯೂ ಮನಸ್ತಾಪಗಳು ಬಾರದೆ ಹೋಗಲಿಲ್ಲ. 2016ರಲ್ಲಿ ಕೆಲವರು ಬೇರ್ಪಟ್ಟು ಲೀಡ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ನಡೆದರು. 2018ರ ಜನವರಿಯಲ್ಲಿ ಎರಡೂ ಕೂಡಿಕೊಂಡವು. ಮೂಲವು ಎಲ್ಲರ ಕೈಯಲ್ಲಿಯೂ ಇದ್ದುದರಿಂದ ಒಡೆದಾಗ ಯಾರೂ ಬರಿಗೈಯಾಗಲಿಲ್ಲ. ಕೂಡಿದಾಗ ಯಾರೂ ಸೋಲಲಿಲ್ಲ.

ಇಂಥ ದುಡಿಮೆಗೆ ಶರಣಧರ್ಮದಲ್ಲಿ ಯಾವ ಸ್ಥಾನವಿದೆ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಗೌರವ ಪಡೆದ ಕಾಯಕಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಮಡಿವಾಳ ಮಾಚಯ್ಯನದು ಬಟ್ಟೆ ಒಗೆಯುವ ಕಾಯಕ. ಇಂದು ಒಗೆದ ಬಟ್ಟೆ ನಾಳೆ ಕೊಳೆಯಾಗುತ್ತದೆ. ಒಗೆದು ಮುಗಿಸಿದೆನೆಂದು ಹೇಳುವ ದಿನ ಮಡಿವಾಳನಿಗೆ ಎಂದಿಗೂ ಬಾರದು. ಸತ್ಯಕ್ಕನದು ಅಂಗಳ ಗುಡಿಸುವ ಕಾಯಕ. ಗುಡಿಸಿದ ಅಂಗಳಕ್ಕೆ ಸಂಜೆಯ ಗಾಳಿ ಮತ್ತೆ ಎಲೆ ಉದುರಿಸುತ್ತದೆ. ಇವರು ಯಾವ ಗೋಪುರವನ್ನೂ ಎತ್ತಲಿಲ್ಲ. ಇದ್ದುದನ್ನು ಇರುವಂತೆ ಕಾಯ್ದರು. ರಾಜನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಸಮಕ್ಕೆ ಇವರನ್ನು ಕೂರಿಸಿದ ಅನುಭವಮಂಟಪವು, ಕಾಯುವುದು ಕಟ್ಟುವುದಕ್ಕಿಂತ ಕಿರಿದಲ್ಲವೆಂದು ಸಾರಿದಂತಾಯಿತು. ಕಟ್ಟುವುದಕ್ಕೆ ಉತ್ಸಾಹ ಸಾಕು; ಕಾಯುವುದಕ್ಕೆ ವ್ರತ ಬೇಕು.

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುತ್ತವೆ. ಅವನ್ನು ತಳ್ಳಿಹಾಕದೆ ಪರಿಶೀಲಿಸುವುದು ನ್ಯಾಯ.

ಮೊದಲನೆಯದು: ಮೂಲವನ್ನು ತೆರೆದಿಡುವುದೆಂದರೆ ಕಳ್ಳನಿಗೆ ಮನೆಯ ನಕ್ಷೆ ಕೊಟ್ಟಂತಲ್ಲವೇ? ಮುಚ್ಚಿಟ್ಟರೆ ಕ್ಷೇಮವಲ್ಲವೇ? ಮುಚ್ಚಿಟ್ಟದ್ದರ ಫಲವನ್ನು ಲೋಕವು 2016ರಲ್ಲಿ ಕಂಡಿತು. ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕ್ಯಾಮರಾ, ವಿಡಿಯೊ ರೆಕಾರ್ಡರ್, ರೌಟರುಗಳನ್ನು ಹುಡುಕಿಕೊಂಡು ಹೋಗಿ, ಕಾರ್ಖಾನೆಯಿಂದ ಬಂದಂತೆಯೇ ಉಳಿದಿದ್ದ ಅರವತ್ತರಷ್ಟು ಗುಪ್ತಪದಗಳನ್ನು ಒಂದೊಂದಾಗಿ ಪ್ರಯೋಗಿಸಿ ಒಳಹೊಕ್ಕಿತು. ಕೆಲವು ಉಪಕರಣಗಳಲ್ಲಿ ಆ ಗುಪ್ತಪದವು ಫರ್ಮ್‌ವೇರಿನೊಳಗೇ ಅಚ್ಚಾಗಿದ್ದು, ಕೊಂಡವನು ಬದಲಿಸಬೇಕೆಂದರೂ ಬದಲಿಸುವಂತಿರಲಿಲ್ಲ. ಹೀಗೆ ವಶವಾದ ಪೆಟ್ಟಿಗೆಗಳ ಸೈನ್ಯವು ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಡಿನ್ ಎಂಬ ಕಂಪನಿಯ ಮೇಲೆ ಬಿದ್ದಿತು. ಅಂತರ್ಜಾಲದಲ್ಲಿ ಹೆಸರು ಹೇಳಿದರೆ ವಿಳಾಸ ತೋರಿಸುವ ಸೇವೆ ಆ ಕಂಪನಿಯದು. ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಪ್ರಸಿದ್ಧ ತಾಣಗಳು ಹಲವು ಗಂಟೆಗಳ ಕಾಲ ಬಹಳ ಜನರಿಗೆ ಸಿಗದಂತಾದವು. ಕೊಂಡವರ ಮನೆಯಲ್ಲಿ ಕ್ಯಾಮರಾ ಎಂದಿನಂತೆ ಕೆಲಸ ಮಾಡುತ್ತಿತ್ತು. ತಮ್ಮ ಗೋಡೆಯ ವಸ್ತುವೇ ಪರರ ಮನೆಗೆ ಕಲ್ಲು ಹೊಡೆಯುತ್ತಿದೆಯೆಂದು ಅವರಿಗೆ ತಿಳಿಯಲಿಲ್ಲ. ಬಾಗಿಲು ಕಳ್ಳನಿಗೆ ಗೊತ್ತಿತ್ತು. ಮನೆಯವನಿಗೆ ಮಾತ್ರ ಗೊತ್ತಿರಲಿಲ್ಲ.

ಹಾಗೆಂದು ತೆರೆದಿಟ್ಟದ್ದೆಲ್ಲ ಕ್ಷೇಮವೆಂದು ಹೇಳಿದರೆ ಅದು ಪಕ್ಷಪಾತವಾದೀತು. ಎಕ್ಸ್‌ಜಡ್ ಎಂಬುದು ಮಾಹಿತಿಯನ್ನು ಅಡಕಗೊಳಿಸುವ ಮುಕ್ತ ತಂತ್ರಾಂಶ. ಲೋಕದ ಅಸಂಖ್ಯ ಯಂತ್ರಗಳು ಅದನ್ನು ನೆಚ್ಚಿವೆ. ಅದನ್ನು ವರ್ಷಗಳ ಕಾಲ ಕಾಯುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಅದೂ ಸಂಬಳವಿಲ್ಲದೆ. 2022ರಲ್ಲಿ ಅವರು ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ, ಇದು ತಾವು ಬಿಡುವಿನಲ್ಲಿ ಮಾಡುತ್ತಿರುವ ಕೆಲಸವೆಂದೂ ಬಹಿರಂಗವಾಗಿ ತಿಳಿಸಿದ್ದರು. ಏಕೆ ತಡ, ಏಕೆ ತಡ ಎಂದು ಒತ್ತಾಯಿಸುವವರಿದ್ದರು. ಆ ಹೊತ್ತಿಗೆ ನೆರವಿನ ವೇಷದಲ್ಲಿ ಒಬ್ಬನು ಬಂದನು. ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಕೀಲಿಕೈ ದೊರೆತ ಮೇಲೆ ಒಳಗೊಂದು ಕಳ್ಳಬಾಗಿಲನ್ನು ಇರಿಸಿದನು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುವುದನ್ನು ಗಮನಿಸಿ, ಬೆನ್ನುಹತ್ತಿ ಹೋಗಿ ಅದನ್ನು ಬಯಲಿಗೆಳೆದರು. ಮೂಲವು ತೆರೆದಿದ್ದುದರಿಂದ ಹಾಗೆ ಬೆನ್ನುಹತ್ತುವುದು ಸಾಧ್ಯವಾಯಿತೆಂಬುದು ನಿಜ. ಆದರೆ ಇಲ್ಲಿ ನಮ್ಮ ಎದೆಗೆ ತಾಕಬೇಕಾದುದು ಬೇರೊಂದು ಮಾತು. ಕಳ್ಳನು ಒಳನುಗ್ಗಿದುದು ಬರಹದಲ್ಲಿದ್ದ ಬಿರುಕಿನಿಂದಲ್ಲ, ಕಾವಲಿನವನ ದಣಿವಿನಿಂದ. ಲಕ್ಷಾಂತರ ಜನ ಉಂಡರು. ಅಡುಗೆಯವನು ಊಟ ಮಾಡಿದನೇ ಎಂದು ಕೇಳಿದವರು ಎಷ್ಟು ಮಂದಿ? ಕೇಳಿದವನೊಬ್ಬನು ಕಳ್ಳನಾಗಿದ್ದನು.

ಎರಡನೆಯ ಪೂರ್ವಪಕ್ಷ: ಉಚಿತವಾಗಿ ಕೊಟ್ಟವನ ಮೇಲೆ ಹೊಣೆ ಹೊರಿಸುವುದು ಯಾವ ನ್ಯಾಯ? ಜಿಪಿಎಲ್ ಪತ್ರದಲ್ಲಿಯೇ ಯಾವ ಖಾತರಿಯೂ ಇಲ್ಲವೆಂದು ದಪ್ಪಕ್ಷರಗಳಲ್ಲಿ ಬರೆದಿದೆಯಲ್ಲ! ಈ ಮಾತು ಸತ್ಯ. ಕೊಟ್ಟವನನ್ನು ಜೀತಕ್ಕೆ ಕಟ್ಟಿಹಾಕುವಂತಿಲ್ಲ. ಒಬ್ಬನು ಸ್ವಸಂತೋಷದಿಂದ ಮಾಡಿ ಕೊಟ್ಟನು. ನಾಳೆ ಅವನಿಗೆ ಕಾಯಿಲೆ ಬರಬಹುದು, ಸಂಸಾರದ ಭಾರ ಹೆಚ್ಚಬಹುದು, ಬೇರೆ ಆಸಕ್ತಿ ಹುಟ್ಟಬಹುದು. ಅವನು ನಿಲ್ಲಿಸಿದರೆ ಅದು ಪಾಪವಲ್ಲ. ಹಾಗಾದರೆ ಹೊಣೆ ಎಲ್ಲಿ ಹೋಯಿತು? ನಮ್ಮ ಅಭಿಪ್ರಾಯದಲ್ಲಿ ಅದು ಪಡೆದವರ ಕಡೆಗೆ ಹರಿಯಿತು. ಬೆಲೆಗೆ ಕೊಂಡದ್ದರಲ್ಲಿ ಹಣ ಕೊಟ್ಟೊಡನೆ ಋಣ ಹರಿಯುತ್ತದೆ. ದಾಸೋಹದಲ್ಲಿ ಪಡೆದದ್ದಕ್ಕೆ ಹಾಗೆ ಹರಿಯುವ ಋಣವಿಲ್ಲ. ಅದು ಪಡೆದವನ ಕೈಯಿಂದ ಸೇವೆಯಾಗಿ ಮುಂದಕ್ಕೆ ಸಾಗಬೇಕು. ಬೆಲೆಯಿಲ್ಲದ್ದು ಎಂದರೆ ಋಣವಿಲ್ಲದ್ದು ಎಂದು ಅರ್ಥಮಾಡುವುದು ನಮ್ಮ ಕಾಲದ ದೊಡ್ಡ ಭ್ರಾಂತಿ.

ಮೂರನೆಯದು ತಯಾರಕರ ವಾದ: ಯಂತ್ರ ನಮ್ಮದು, ಬೀಗವೂ ನಮ್ಮದು. ಇದನ್ನು ಸುಲಭವಾಗಿ ಅಲ್ಲಗಳೆಯಲಾಗದು. ಟಿವೊ ಎಂಬ ವಿಡಿಯೊ ರೆಕಾರ್ಡರಿನಲ್ಲಿ ಲಿನಕ್ಸ್ ಇತ್ತು. ಕಂಪನಿಯು ಮೂಲವನ್ನು ಪ್ರಕಟಿಸಿತ್ತು. ಆದರೆ ಕಂಪನಿಯ ಮುದ್ರೆಯಿಲ್ಲದ ತಂತ್ರಾಂಶವನ್ನು ಆ ಯಂತ್ರವು ನಡೆಸುತ್ತಿರಲಿಲ್ಲ. ಅಕ್ಷರಕ್ಕೆ ನಿಯಮ ಪಾಲನೆಯಾಯಿತು, ಅರ್ಥಕ್ಕೆ ಆಗಲಿಲ್ಲ. ಇದನ್ನು ತಡೆಯಲು 2007ರ ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ, ಮನೆಬಳಕೆಯ ಉಪಕರಣವಾದರೆ ತಿದ್ದಿದುದನ್ನು ತುಂಬುವ ಮಾರ್ಗವನ್ನೂ ಕೊಡಬೇಕೆಂದು ಸೇರಿಸಿದರು. ಲಿನಕ್ಸಿನ ಕರ್ತೃ ಲೈನಸ್ ಟೊರ್ವಾಲ್ಡ್ಸ್ ಇದನ್ನು ಒಪ್ಪಲಿಲ್ಲ. ಬರಹ ಮರಳಿ ಬಂದರೆ ಸಾಕು, ಯಂತ್ರದ ವಿಷಯ ಯಂತ್ರ ಮಾಡಿದವನದು ಎಂಬುದು ಅವರ ನಿಲುವು. ಲಿನಕ್ಸ್ ಎರಡನೆಯ ಆವೃತ್ತಿಯಲ್ಲಿಯೇ ಉಳಿಯಿತು. ಬೀಗಕ್ಕೆ ಸಕಾರಣವಿರುವ ಸಂದರ್ಭಗಳೂ ಉಂಟು. ರೇಡಿಯೊ ಅಲೆಗಳನ್ನು ಮಿತಿಮೀರಿ ಹೊರಸೂಸಿದರೆ ಪರರಿಗೆ ಬಾಧೆ. ಆದುದರಿಂದಲೇ ಅಮೆರಿಕದ ಸಂಪರ್ಕ ಆಯೋಗವು 2015ರಲ್ಲಿ ರೌಟರುಗಳ ರೇಡಿಯೊ ಭಾಗವನ್ನು ಭದ್ರಪಡಿಸಲು ತಯಾರಕರಿಗೆ ಸೂಚಿಸಿತು. ಕೆಲವರು ರೇಡಿಯೊವನ್ನು ಮಾತ್ರವಲ್ಲದೆ ಇಡೀ ಪೆಟ್ಟಿಗೆಗೇ ಬೀಗ ಹಾಕಿದರು. ಆದರೆ 2016ರಲ್ಲಿ ಟಿಪಿ-ಲಿಂಕ್ ಕಂಪನಿಯ ಮೇಲಿನ ಪ್ರಕರಣವನ್ನು ಅದೇ ಆಯೋಗವು ಇತ್ಯರ್ಥಗೊಳಿಸಿದಾಗ, 2 ಲಕ್ಷ ಡಾಲರ್ ದಂಡದ ಜೊತೆಗೆ, ರೇಡಿಯೊ ನಿಯಮಗಳಿಗೆ ಭಂಗವಿಲ್ಲದಂತೆ ಇತರರ ಫರ್ಮ್‌ವೇರಿಗೆ ಅವಕಾಶ ಕೊಡುವ ಬಗೆಯನ್ನು ಪರಿಶೀಲಿಸಬೇಕೆಂಬ ಷರತ್ತೂ ಸೇರಿತು. ಅಡುಗೆಮನೆಯ ಬೆಂಕಿಗೆ ಹೆದರಿ ಇಡೀ ಮನೆಗೆ ಬೀಗ ಹಾಕಬೇಕಾಗಿಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಮೂರು ವಾದಗಳನ್ನು ತೂಗಿ ನೋಡಿ ನಾವು ಮುಟ್ಟಿದ ಸಿದ್ಧಾಂತವಿದು. ಮಾಡಿದವನು ಎಂದೆಂದಿಗೂ ಕಾಯಬೇಕೆಂದು ಧರ್ಮವು ಕೇಳುವುದಿಲ್ಲ. ಅದು ಕೇಳುವುದು ಎರಡರಲ್ಲಿ ಒಂದು: ಒಂದೋ ನೀನು ಕಾಯಬೇಕು; ಇಲ್ಲವೇ ಕಾಯಬಲ್ಲವರಿಗೆ ಬಿಟ್ಟುಕೊಡಬೇಕು. ತಾನೂ ನೋಡಿಕೊಳ್ಳದೆ, ನೋಡಿಕೊಳ್ಳಬಂದವರನ್ನೂ ಒಳಗೆ ಬಿಡದೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋಗುವುದು ಅಧರ್ಮ. ಬೆಲೆ ಪಡೆದು ಮಾರಿದವನಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ. ಆರು ವರ್ಷಕ್ಕೆ ಬೆಂಬಲ ನಿಲ್ಲಿಸುವುದು ವ್ಯಾಪಾರದ ಅನಿವಾರ್ಯತೆಯಾಗಿರಬಹುದು. ನಿಲ್ಲಿಸುವ ದಿನ ಬೀಗವನ್ನು ತೆರೆದು ಹೋಗಲು ಯಾವ ಅನಿವಾರ್ಯತೆ ಅಡ್ಡ ಬರುತ್ತದೆ?

ಮುಕ್ತ ಪದ್ಧತಿಯವರೂ ಕೆಲವೊಮ್ಮೆ ಕೈಬಿಡುತ್ತಾರೆಂಬುದನ್ನು ಇಲ್ಲಿ ಮರೆಯಬಾರದು. 4 ಮೆಗಾಬೈಟ್ ಶಾಶ್ವತ ಸ್ಮೃತಿ, 32 ಮೆಗಾಬೈಟ್ ಚಲಸ್ಮೃತಿಯುಳ್ಳ ಹಳೆಯ ಅಗ್ಗದ ಪೆಟ್ಟಿಗೆಗಳಿಗೆ ಓಪನ್-ಡಬ್ಲ್ಯೂಆರ್‌ಟಿಯು 19.07 ಎಂಬ ಶ್ರೇಣಿಯ ನಂತರ ಸಿದ್ಧ ಆವೃತ್ತಿ ಕೊಡುವುದನ್ನು ನಿಲ್ಲಿಸಿತು. ಆ ಶ್ರೇಣಿಯು 2022ರಲ್ಲಿ ಕೊನೆಗೊಂಡಿತು. ಬೆಳೆದ ತಿರುಳು ಆ ಸಣ್ಣ ಮಡಕೆಯಲ್ಲಿ ಹಿಡಿಸಲಿಲ್ಲ. ಆದರೆ ಅವರು ಬಹಳ ಮುಂಚಿತವಾಗಿಯೇ ಎಚ್ಚರಿಸಿದರು, ಕಾರಣವನ್ನು ಹೇಳಿದರು, ಮೂಲವನ್ನು ಅಲ್ಲಿಯೇ ಇಟ್ಟರು. ಬೇಕಾದವನು ಕೆಲವು ಭಾಗಗಳನ್ನು ಕಳೆದು ತನಗೆ ತಾನೇ ಕಟ್ಟಿಕೊಳ್ಳಬಹುದು. ಎರಡು ಕಡೆಯೂ ನಡೆದುದು ಬಿಡುವುದೇ. ಆದರೆ ಒಂದು ಮನೆಯನ್ನು ಕೀಲಿಕೈಯೊಡನೆ ಊರಿಗೆ ಒಪ್ಪಿಸಿ ಹೋದಂತೆ, ಇನ್ನೊಂದು ಒಳಗಿನವರಿರುವಾಗಲೇ ಹೊರಗಿನಿಂದ ಚಿಲಕ ಹಾಕಿ ಹೋದಂತೆ.

ಇದು ಕೇವಲ ತತ್ತ್ವದ ಮಾತೆಂದು ವಾಚಕರು ಭಾವಿಸಬಾರದು. ಹಳೆಯ ಮಾದರಿಯ ಯಂತ್ರಗಳು ಕಾಲವನ್ನು 1970ರ ಆರಂಭದಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆಗೆ 32 ಮನೆಗಳ ಜಾಗ ಮಾತ್ರವಿದೆ. 2038ರ ಜನವರಿ 19ರಂದು ಆ ಜಾಗ ತುಂಬಿ, ತಿದ್ದದೆ ಬಿಟ್ಟ ಯಂತ್ರಗಳ ಗಡಿಯಾರ 1901ಕ್ಕೆ ಜಾರುತ್ತದೆ. ಲಿನಕ್ಸಿನವರು 2020ರಲ್ಲಿ ತಮ್ಮ ತಿರುಳಿನೊಳಗೆ ಇದಕ್ಕೆ ಪರಿಹಾರವನ್ನು ಅಳವಡಿಸಿದರು. ಆದರೆ ಪರಿಹಾರವು ಭಂಡಾರದಲ್ಲಿದ್ದರೆ ಸಾಲದು. ಗೋಡೆಯೊಳಗೆ, ಕಂಬದ ಮೇಲೆ, ಪಂಪ್‌ಮನೆಯೊಳಗೆ ಕುಳಿತಿರುವ ಒಂದೊಂದು ಪೆಟ್ಟಿಗೆಗೂ ಅದನ್ನು ಮುಟ್ಟಿಸಬೇಕು. ಯಾವ ಪೆಟ್ಟಿಗೆಗೆ ಬೀಗವಿದೆಯೋ, ಯಾವುದಕ್ಕೆ ಕಾಯುವವನಿಲ್ಲವೋ, ಅದಕ್ಕೆ ಮುಟ್ಟಿಸುವವರು ಯಾರು? ಇಂದು ಹಚ್ಚುವ ಮೀಟರು, ಇಂದು ಕೊಳ್ಳುವ ನಿಯಂತ್ರಕಗಳಲ್ಲಿ ಹಲವು ಆ ದಿನವನ್ನು ಕಾಣಲಿವೆ.

ಪಡೆದವರು ಮಾಡಬಹುದಾದುದೇನೆಂಬುದಕ್ಕೆ ಮಾದರಿಗಳಿಲ್ಲದಿಲ್ಲ. 2024ರ ನವೆಂಬರಿನಲ್ಲಿ ಓಪನ್-ಡಬ್ಲ್ಯೂಆರ್‌ಟಿಯವರು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆಯೊಡನೆ ಕೂಡಿ ತಮ್ಮದೇ ಆದ ರೌಟರೊಂದನ್ನು ಹೊರತಂದರು. ಮೊದಲಿನಿಂದಲೇ ತೆರೆದಿರುವಂತೆ ಅದನ್ನು ರೂಪಿಸಿದ್ದಾರೆ. ಅದರಲ್ಲಿ ಸ್ಮೃತಿಕೋಶಗಳು ಎರಡು. ತಿದ್ದುವಾಗ ಒಂದು ಕೆಟ್ಟರೆ, ಸ್ವಿಚ್ಚೊಂದನ್ನು ಸರಿಸಿ ಇನ್ನೊಂದರಿಂದ ಯಂತ್ರವನ್ನು ಎಬ್ಬಿಸಬಹುದು. ಮನುಷ್ಯನು ತಪ್ಪುತ್ತಾನೆಂದು ಮೊದಲೇ ಒಪ್ಪಿಕೊಂಡು ಮಾಡಿದ ಯಂತ್ರವದು. ಮಾರಾಟವಾದ ಒಂದೊಂದು ಪೆಟ್ಟಿಗೆಯಿಂದಲೂ 10 ಡಾಲರ್ ಕಾಯುವವರ ನಿಧಿಗೆ ಸಲ್ಲುತ್ತದೆ. ಇದನ್ನು ದೊಡ್ಡ ಮೊತ್ತವೆನ್ನಲಾಗದು. ಆದರೆ ಕಟ್ಟುವ ಬೆಲೆಯೊಳಗೇ ಕಾಯುವ ಬೆಲೆಯನ್ನೂ ಸೇರಿಸಿದ ಈ ಲೆಕ್ಕವನ್ನು, ಶಿಲಾಫಲಕಗಳಲ್ಲಿ ಆಸಕ್ತರಾದ ನಾವು ಕಲಿಯಬೇಕಾಗಿದೆ.

ಈಗ ನಮ್ಮ ಮಾತನ್ನೇ ಹೇಳದೆ ಮುಗಿಸಿದರೆ ಪರೋಪದೇಶವಾದೀತು. ಆ ಹುಡುಗನು ಹೊರಡುವ ದಿನ, ನಮ್ಮ ಹನ್ನೊಂದು ಪೆಟ್ಟಿಗೆಗಳ ಮಾದರಿಯನ್ನು ನೋಡಿಕೊಳ್ಳುತ್ತಿದ್ದವರು ಈಗ ಬಿಟ್ಟಿದ್ದಾರೆಂದೂ, ಹೊಸ ಆವೃತ್ತಿ ಬಂದಾಗ ಅದನ್ನು ತುಂಬಿ, ಸರಿಯಿದೆಯೇ ಇಲ್ಲವೇ ಎಂದು ಪರೀಕ್ಷಿಸಿ ತಿಳಿಸುವವರಿಲ್ಲದಿದ್ದರೆ ಆ ಮಾದರಿ ಪಟ್ಟಿಯಿಂದ ಬಿದ್ದುಹೋದೀತೆಂದೂ ತಿಳಿಸಿದನು. ಹನ್ನೊಂದರಲ್ಲಿ ಒಂದನ್ನು ಪರೀಕ್ಷೆಗೆಂದು ಮೀಸಲಿಡಬಹುದೇ ಎಂದು ಕೇಳಿದನು. ನಮ್ಮ ಮೊದಲ ಉತ್ತರ, ನಾಚಿಕೆಯಿಂದಲೇ ಬರೆಯುತ್ತೇವೆ, “ನಮಗೇಕಪ್ಪಾ ಆ ಗೊಡವೆ? ನಮ್ಮವು ನಡೆಯುತ್ತಿವೆಯಲ್ಲ” ಎಂಬುದಾಗಿತ್ತು. ಅವನು ಮಾತು ಬೆಳೆಸಲಿಲ್ಲ. “ಆಗಲಿ ಬುದ್ಧಿ” ಎಂದು ಅಡ್ಡಬಿದ್ದು ಹೊರಟನು.

ಆ ರಾತ್ರಿ ನುಲಿಯ ಚಂದಯ್ಯನ ಕಥೆ ನೆನಪಾಯಿತು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಚಂದಯ್ಯನು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಅವನ ಬೆನ್ನುಹತ್ತಿ ಬರಬೇಕಾಯಿತು, ಬಂದ ಮೇಲೆ ಅದೂ ಹಗ್ಗ ಮಾರುವ ಕಾಯಕಕ್ಕೆ ನಿಲ್ಲಬೇಕಾಯಿತು ಎಂದು ನಮ್ಮ ಪರಂಪರೆಯಲ್ಲಿ ಹೇಳುತ್ತಾರೆ. ಲಿಂಗಕ್ಕೇ ತಪ್ಪದ ಕಾಯಕವು ಮಠಕ್ಕೆ ತಪ್ಪೀತೇ? ನಾಡಿನ ಮಕ್ಕಳಿಗೆ ಅನ್ನವಿಕ್ಕುತ್ತೇವೆಂಬ ಅಭಿಮಾನದಲ್ಲಿ, ಎಲ್ಲಿಯೋ ಯಾರೋ ಇಕ್ಕಿದ ಎಲೆಯ ಮುಂದೆ ನಾವೂ ಕುಳಿತಿದ್ದೇವೆಂಬುದನ್ನು ಮರೆತಿದ್ದೆವು. ಮರುದಿನ ಬೆಳಿಗ್ಗೆ ಅವನಿಗೆ ಹೇಳಿಕಳುಹಿಸಿದೆವು. ಈಗ ವಿದ್ಯಾರ್ಥಿನಿಲಯದ ಗ್ರಂಥಾಲಯದ ಮೂಲೆಯಲ್ಲಿ ಮುಚ್ಚಳ ಬಿಚ್ಚಿದ ಒಂದು ಪೆಟ್ಟಿಗೆಯಿದೆ. ಪದವಿ ತರಗತಿಯ ಇಬ್ಬರು ಹುಡುಗರು ಅವನಿಂದ ಕಲಿತು, ಹೊಸ ಆವೃತ್ತಿ ಬಂದಾಗಲೆಲ್ಲ ಅದರಲ್ಲಿ ತುಂಬಿ ನೋಡಿ, ಕಂಡುದನ್ನು ಕಂಡಂತೆ ಬರೆದು ಕಳುಹಿಸುತ್ತಾರೆ. ಮೊದಲ ಸಲ ಅದು ಏಳಲಿಲ್ಲ. ಎಬ್ಬಿಸಲು ಮೂರು ದಿನ ಹಿಡಿಯಿತು.

ವಾಚಕರಲ್ಲಿ ಎಲ್ಲರೂ ಫರ್ಮ್‌ವೇರ್ ಬರೆಯಬೇಕೆಂದು ನಾವು ಹೇಳುವುದಿಲ್ಲ. ಮುಂದಿನ ಸಲ ನಿಮ್ಮ ಸಂಘಕ್ಕೆ, ಶಾಲೆಗೆ, ಮನೆಗೆ ಇಂಥ ಯಂತ್ರವನ್ನು ಕೊಳ್ಳುವಾಗ, ಬೆಲೆ ಎಷ್ಟು ಎಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆಗಳನ್ನು ಕೇಳಿರಿ: ಇದನ್ನು ಎಷ್ಟು ವರ್ಷ ನೋಡಿಕೊಳ್ಳುತ್ತೀರಿ? ನೀವು ಬಿಟ್ಟ ಮೇಲೆ ನಮಗೆ ತೆರೆದುಕೊಡುತ್ತೀರಾ? ಅಂಗಡಿಯವನಿಗೆ ಉತ್ತರ ತಿಳಿಯದಿರಬಹುದು. ಕೇಳುವವರು ಹೆಚ್ಚಾದರೆ ಅವನೂ ಮೇಲಿನವರನ್ನು ಕೇಳಿಯಾನು. ಉಚಿತವಾಗಿ ಏನನ್ನಾದರೂ ಪಡೆಯುತ್ತಿದ್ದರೆ, ಅದರ ಒಲೆಯ ಮುಂದೆ ಯಾರು ನಿಂತಿದ್ದಾರೆ, ಅವರಿಗೆ ಏನು ಬೇಕಾಗಿದೆ ಎಂದು ಒಮ್ಮೆ ವಿಚಾರಿಸಿರಿ. ಅಷ್ಟು ವಿಚಾರಿಸಿದವನು ಆಗಲೇ ಅರ್ಧ ದಾಸೋಹಿಯಾದನು.

ನಮ್ಮ ದಾಸೋಹ ಭವನದ ಗೋಡೆಯ ಮೇಲೆ ಇನ್ನೊಂದು ಫಲಕಕ್ಕೆ ಜಾಗವಿದೆ. ಅಲ್ಲಿ ಒಲೆ ಹೊತ್ತಿಸುವವನ ಹೆಸರನ್ನು ಬರೆಸೋಣವೆಂದರೆ ಅವನು ಒಪ್ಪಲಿಲ್ಲ. “ಹೆಸರು ಬೇಡ ಬುದ್ಧಿ, ಇನ್ನೊಬ್ಬ ಆಳು ಕೊಡಿ” ಎಂದನು. ಕೊಟ್ಟಿದ್ದೇವೆ. ಕಾಯುವವರೆಲ್ಲರ ಬೇಡಿಕೆಯೂ ಬಹುಶಃ ಇಷ್ಟೇ ಇರಬೇಕು.